ಯಾದವಗಿರಿಯ ಯಂತ್ರವೂ ಮನೆಯಂಗಳದ ಆರೈಕೆಯೂ

ಮೈಸೂರು ನಗರದ ಕೈಗಾರಿಕಾ ಚರಿತ್ರೆಯನ್ನು ಹೇಳುವವರು ರೇಷ್ಮೆ ನೇಯ್ಗೆಯ ಕಾರ್ಖಾನೆಯನ್ನೂ ಶ್ರೀಗಂಧದೆಣ್ಣೆಯ ಕಾರ್ಖಾನೆಯನ್ನೂ ವಿಸ್ತಾರವಾಗಿ ವರ್ಣಿಸಿ, ಯಾದವಗಿರಿಯಲ್ಲಿ 1961ರಿಂದ 1996ರವರೆಗೆ ಮೋಟಾರು ಸೈಕಲ್ಲುಗಳನ್ನು ನಿರ್ಮಿಸಿದ ಐಡಿಯಲ್ ಜಾವಾ ಕಾರ್ಖಾನೆಯನ್ನು ಒಂದೆರಡು ವಾಕ್ಯಗಳಲ್ಲಿ ಮುಗಿಸುವುದುಂಟು. ಮೊದಲಿನ ಎರಡೂ ಅರಸರ ಕಾಲದಲ್ಲಿ ಹುಟ್ಟಿ ಇಂದಿಗೂ ಬಾಳುತ್ತಿರುವ ಸಂಸ್ಥೆಗಳು. ಇದಾದರೋ ಖಾಸಗಿ ಉದ್ಯಮವಾಗಿ ಹುಟ್ಟಿ, 35 ವರ್ಷ ದುಡಿದು, ಬಾಗಿಲು ಮುಚ್ಚಿದುದು. ಆದರೆ ಕಾರ್ಖಾನೆ ನಿಂತ ಮೇಲೆಯೂ ಅಲ್ಲಿಂದ ಹೊರಬಿದ್ದ ಗಾಡಿಗಳು ನಿಲ್ಲಲಿಲ್ಲ. ತಯಾರಕನೇ ಇಲ್ಲದ ಯಂತ್ರವೊಂದು ಇಷ್ಟು ಕಾಲ ಬೀದಿಯಲ್ಲಿ ಓಡುತ್ತಿರುವುದಕ್ಕೆ ಮನೆಯಂಗಳಗಳಲ್ಲಿ ತಲೆಮಾರಿನಿಂದ ತಲೆಮಾರಿಗೆ ಸಾಗಿಬಂದ ಒಂದು ಆರೈಕೆಯ ಪದ್ಧತಿಯೇ ಕಾರಣವಾದುದರಿಂದ, ಆ ಪದ್ಧತಿಯ ಚರಿತ್ರೆಯೂ ಕಾರ್ಖಾನೆಯ ಚರಿತ್ರೆಯ ಅವಿಭಾಜ್ಯ ಅಂಗವೆಂದು ನಾನು ಭಾವಿಸುತ್ತೇನೆ.

ಜಾವಾ ಎಂಬುದು ಮೂಲತಃ ಪ್ರಾಗ್ ನಗರದ ಸಂಸ್ಥೆಯೊಂದರ ಹೆಸರು. ಶಸ್ತ್ರಾಸ್ತ್ರ ತಯಾರಿಕೆಯಲ್ಲಿ ನಿರತನಾಗಿದ್ದ ಫ್ರಾಂಟಿಶೆಕ್ ಯಾನೆಚೆಕ್ ಎಂಬ ಚೆಕ್ ಉದ್ಯಮಿ, ಜರ್ಮನಿಯ ವಾಂಡರರ್ ಸಂಸ್ಥೆಯ ಮೋಟಾರು ಸೈಕಲ್ ವಿಭಾಗವನ್ನು ಕೊಂಡು, 1929ರಲ್ಲಿ ಈ ಉದ್ಯಮವನ್ನು ಆರಂಭಿಸಿದನು. ಮಹಾಯುದ್ಧದ ಕಾಲದಲ್ಲಿ ದೇಶ ಜರ್ಮನರ ವಶವಾಗಿದ್ದಾಗ ಅಲ್ಲಿನ ಶಿಲ್ಪಿಗಳು ಗುಪ್ತವಾಗಿ ರೂಪಿಸಿದ 250 ಸಿಸಿ ಗಾಡಿಯೊಂದು, 1946ರಲ್ಲಿ ಪ್ಯಾರಿಸ್ಸಿನ ಪ್ರದರ್ಶನದಲ್ಲಿ ಕಾಣಿಸಿಕೊಂಡು, ಹಿಂದಿನ ಚಕ್ರಕ್ಕೂ ಸ್ಪ್ರಿಂಗಿನ ಆಧಾರವಿದ್ದ ಕಾರಣದಿಂದ ಪೆರಾಕ್ ಎಂಬ ಹೆಸರನ್ನು ಪಡೆಯಿತು. ಅದರ ಸುಧಾರಿತ ಸಂತಾನವಾದ 353 ಎಂಬ ಮಾದರಿ 1954ರ ಸುಮಾರಿಗೆ ಬಂದಿತು. ಮೈಸೂರಿಗೆ ಬಂದದ್ದು ಇದೇ ವಂಶ.

ಮುಂಬಯಿಯ ರುಸ್ತುಂ ಇರಾನಿ ಅವರು 1950ರ ದಶಕದಲ್ಲಿ ಈ ಗಾಡಿಗಳನ್ನು ಆಮದು ಮಾಡಿಕೊಂಡು ಮಾರುತ್ತಿದ್ದರು. ವಿದೇಶೀ ವಿನಿಮಯದ ಅಭಾವದಿಂದ ಸರಕಾರ ಆಮದನ್ನು ಬಿಗಿಗೊಳಿಸುತ್ತ ಬಂದಾಗ, ಗಾಡಿಯನ್ನು ಮಾರಬೇಕಾದರೆ ಅದನ್ನು ಇಲ್ಲಿಯೇ ನಿರ್ಮಿಸುವುದು ಅನಿವಾರ್ಯವಾಯಿತು. ಆಗ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರ್ ಅವರ ಪ್ರೋತ್ಸಾಹ ದೊರೆತು, 1960ರಲ್ಲಿ ಐಡಿಯಲ್ ಜಾವಾ ಸಂಸ್ಥೆ ರೂಪುಗೊಂಡಿತು; ಮರುವರ್ಷ ಗಾಡಿಗಳು ಹೊರಬರತೊಡಗಿದವು. ಮದರಾಸಿನ ಎನ್‌ಫೀಲ್ಡ್ ಆ ವೇಳೆಗಾಗಲೇ ಬುಲೆಟ್ಟನ್ನು ತಯಾರಿಸುತ್ತಿತ್ತು. ಹಳೆ ಮೈಸೂರು ಸೀಮೆಯ ಗುಮಾಸ್ತರು, ಅಧ್ಯಾಪಕರು, ಕೊಡಗಿನ ತೋಟದವರು, ಹೊಸದಾಗಿ ಕೆಲಸಕ್ಕೆ ಸೇರಿದ ಎಂಜಿನಿಯರುಗಳು ಮಾತ್ರ, ತಮ್ಮೂರಿನಲ್ಲಿ ಹುಟ್ಟಿದ ಗಾಡಿಯೆಂಬ ಮಮತೆಯಿಂದಲೂ, ಅದರ ಯಂತ್ರ ತಮಗೆ ಅರ್ಥವಾಗುತ್ತದೆಂಬ ಧೈರ್ಯದಿಂದಲೂ ಜಾವಾವನ್ನೇ ಹೆಚ್ಚಾಗಿ ಆರಿಸಿಕೊಂಡರು.

ಅರ್ಥವಾಗುತ್ತದೆಂಬ ಈ ಧೈರ್ಯ ನಿರಾಧಾರವಾದುದಲ್ಲ. ಬುಲೆಟ್ಟಿನ ಎಂಜಿನ್ನಿನಲ್ಲಿರುವ ವಾಲ್ವುಗಳಾಗಲಿ, ಅವುಗಳನ್ನು ಎತ್ತಿ ಇಳಿಸುವ ಕ್ಯಾಮುಗಳಾಗಲಿ ಟೂ ಸ್ಟ್ರೋಕ್ ಜಾವಾದಲ್ಲಿ ಇಲ್ಲವೇ ಇಲ್ಲ. ಪಿಸ್ಟನ್, ಕನೆಕ್ಟಿಂಗ್ ರಾಡ್, ಕ್ರ್ಯಾಂಕ್ ಈ ಮೂರೇ ಮುಖ್ಯವಾದ ಚಲಿಸುವ ಭಾಗಗಳು. ಪಿಸ್ಟನ್ನು ತಾನೇ ಮೇಲೆ ಕೆಳಗೆ ಸರಿಯುತ್ತ ಸಿಲಿಂಡರಿನ ಗೋಡೆಯಲ್ಲಿರುವ ರಂಧ್ರಗಳನ್ನು ತೆರೆದು ಮುಚ್ಚಿ, ಇಂಧನವನ್ನು ಒಳಗೆ ಬಿಟ್ಟುಕೊಂಡು ಹೊಗೆಯನ್ನು ಹೊರಕ್ಕೆ ಕಳುಹಿಸುತ್ತದೆ. 65 ಮಿಲಿಮೀಟರ್ ಬೋರು, 75 ಮಿಲಿಮೀಟರ್ ಸ್ಟ್ರೋಕು, 12 ಅಶ್ವಶಕ್ತಿ, ನಾಲ್ಕು ಗೇರು, ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರು. ಕಿಕ್ಕರೂ ಗೇರಿನ ಲಿವರೂ ಒಂದೇ ಆಗಿದ್ದು, ಅದನ್ನು ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಗಾಡಿಯನ್ನು ಚಾಲೂ ಮಾಡುವ ಸಾಧನವಾಗಿಯೂ, ಮೊದಲಿನ ಸ್ಥಾನಕ್ಕೆ ಇಳಿಸಿದರೆ ಗೇರು ಬದಲಿಸುವ ಸಾಧನವಾಗಿಯೂ ಕೆಲಸ ಮಾಡುತ್ತಿದ್ದುದು ನೋಡಿದವರಿಗೆಲ್ಲ ಸೋಜಿಗವನ್ನುಂಟುಮಾಡುತ್ತಿತ್ತು. ಗೇರಿನ ಲಿವರನ್ನು ಕಾಲಿನಿಂದ ಒತ್ತಿದೊಡನೆ ಕ್ಲಚ್ಚು ತಾನಾಗಿಯೇ ಬಿಡುತ್ತಿದ್ದುದರಿಂದ, ಕೈಯ ಕ್ಲಚ್ಚನ್ನು ಹಿಡಿಯದೆಯೇ ಗೇರು ಹಾಕಬಲ್ಲ ನಿಪುಣರೂ ಇದ್ದರು. ಹಿಂದಿನ ಚೈನು ಪೂರ್ತಿಯಾಗಿ ಮುಚ್ಚಳದೊಳಗಿದ್ದು ಧೂಳು ಕೆಸರುಗಳಿಂದ ರಕ್ಷಿತವಾಗಿತ್ತು. ಹಳ್ಳಿಯ ರಸ್ತೆಗಳಿಗೆ ಇದೆಷ್ಟು ಹಿತವಾದ ಏರ್ಪಾಡೆಂಬುದನ್ನು ಬಲ್ಲವರೇ ಬಲ್ಲರು.

ಇಂತಹ ಯಂತ್ರ ಯಜಮಾನನನ್ನು ದಿನವೂ ಕೈಯಾಡಿಸುವಂತೆ ಕರೆಯುತ್ತದೆ. ಎಂಜಿನ್ನಿಗೆ ಪ್ರತ್ಯೇಕವಾದ ಎಣ್ಣೆಯಿಲ್ಲದಿದ್ದುದರಿಂದ ಪೆಟ್ರೋಲಿಗೇ ಎಣ್ಣೆಯನ್ನು ಬೆರೆಸಬೇಕಾಗುತ್ತಿತ್ತು: 25 ಪಾಲಿಗೆ ಒಂದು ಪಾಲು, ಎಂದರೆ ಲೀಟರಿಗೆ 40 ಮಿಲಿಲೀಟರು. ಎಣ್ಣೆ ಕಡಿಮೆಯಾದರೆ ಚಾಮುಂಡಿ ಬೆಟ್ಟದಂತಹ ಏರಿನಲ್ಲಿ ಪಿಸ್ಟನ್ನು ಬಿಸಿಯಿಂದ ಹಿಗ್ಗಿ ಸಿಲಿಂಡರಿಗೆ ಕಚ್ಚಿಕೊಂಡು ಗಾಡಿ ಸೀಜಾಗುತ್ತಿತ್ತು. ಹೆಚ್ಚಾದರೆ ಪ್ಲಗ್ಗು ಕಪ್ಪಾಗಿ ಕಿಡಿಯೇ ಹಾರುತ್ತಿರಲಿಲ್ಲ. ಪ್ಲಗ್ಗನ್ನು ಬಿಚ್ಚಿ ಅದರ ತುದಿಯ ಬಣ್ಣದಿಂದ ಎಂಜಿನ್ನಿನ ಆರೋಗ್ಯವನ್ನು ಓದುವ ವಿದ್ಯೆ, ಕಂದಾಗಿದ್ದರೆ ಕ್ಷೇಮ, ಮಸಿ ಹಿಡಿದಿದ್ದರೆ ಇಂಧನ ಅಧಿಕ, ಬೆಳ್ಳಗಾಗಿದ್ದರೆ ಅಪಾಯ ಎಂಬ ಈ ಮೂರು ಲಕ್ಷಣಗಳ ವಿದ್ಯೆ, ಯಾವ ಶಾಲೆಯೂ ಕಲಿಸದೆ ಸಾವಿರಾರು ಮನೆಗಳಲ್ಲಿ ಪ್ರಚಾರವಾಯಿತು. ಗಾಡಿಯೊಡನೆ ಬರುತ್ತಿದ್ದ ಕೈಪಿಡಿಯೂ ಸಾಮಾನುಗಳ ಚೀಲವೂ ಇದಕ್ಕೆ ನೆರವಾದವು.

ಸೌದೆಯ ಒಲೆಯ ಹೊಗೆಗೂಡಿನಲ್ಲಿ ಇಲ್ಲಣ ಕಟ್ಟುವಂತೆ, ಅರೆ ಸುಟ್ಟ ಎಣ್ಣೆಯ ಕಾರ್ಬನ್ನು ಸಿಲಿಂಡರಿನ ರಂಧ್ರಗಳಲ್ಲಿಯೂ ಸೈಲೆನ್ಸರಿನೊಳಗಿನ ಕೊಳವೆಗಳಲ್ಲಿಯೂ ಕಟ್ಟಿಕೊಂಡು ಗಾಡಿಯ ಉಸಿರನ್ನು ಕ್ರಮೇಣ ಹಿಡಿಯುತ್ತದೆ. ಇದನ್ನು ತೆಗೆಯುವ ಕೆಲಸ ಹಲವು ಮನೆಗಳಲ್ಲಿ ರಜಾದಿನದ ವ್ರತವೇ ಆಗಿತ್ತು. ಸಿಲಿಂಡರ್ ಹೆಡ್ಡನ್ನು ಬಿಚ್ಚಿ, ಪಿಸ್ಟನ್ನಿನ ತಲೆಯ ಮೇಲಿನ ಪದರವನ್ನು ಲೋಹಕ್ಕೆ ಗೀರಾಗದಂತೆ ಮರದ ಚಕ್ಕೆಯಿಂದ ಕೆರೆದು, ಸೈಲೆನ್ಸರಿನ ಒಳಗೊಳವೆಯನ್ನು ಬೆಂಕಿಯಲ್ಲಿ ಸುಟ್ಟೋ ಕಾಸ್ಟಿಕ್ ಸೋಡಾದ ನೀರಿನಲ್ಲಿ ನೆನೆಸಿಯೋ ಶುದ್ಧಗೊಳಿಸಿ, ಹೆಡ್ಡಿನ ನಟ್ಟುಗಳನ್ನು ಒಂದೇ ಮಗ್ಗುಲಿನಿಂದಲ್ಲದೆ ಎದುರುಬದುರಾಗಿ, ಸ್ವಲ್ಪಸ್ವಲ್ಪವಾಗಿ ಬಿಗಿಯಬೇಕು. ಈ ಕೊನೆಯ ವಿಧಿಯನ್ನು ಮೀರಿದರೆ ಹೆಡ್ಡು ಸೊಟ್ಟಗಾಗಿ ಗಾಳಿ ಸೋರುತ್ತದೆ.

ಇದಕ್ಕಿಂತಲೂ ಸೂಕ್ಷ್ಮವಾದುದು ಟೈಮಿಂಗ್ ಇಡುವ ಕೆಲಸ. ಬಲಗಡೆಯ ಮುಚ್ಚಳವನ್ನು ತೆಗೆದರೆ ಡೈನಮೋವೂ ಅದರೊಡನೆ ಕಿಡಿಯನ್ನು ನಿಯಂತ್ರಿಸುವ ಪಾಯಿಂಟೂ ಕಾಣಿಸುತ್ತವೆ. ಪಾಯಿಂಟು ಪೂರ್ತಿ ತೆರೆದಾಗ ನಡುವಣ ಅಂತರ 0.4 ಮಿಲಿಮೀಟರ್ ಇರತಕ್ಕದ್ದು. ಪಿಸ್ಟನ್ನು ಮೇಲ್ತುದಿಯನ್ನು ಮುಟ್ಟುವುದಕ್ಕೆ ಕೆಲವೇ ಮಿಲಿಮೀಟರುಗಳ ಮೊದಲು ಅದು ತೆರೆಯಲಾರಂಭಿಸತಕ್ಕದ್ದು. ತೆರೆಯುವ ಆ ಕ್ಷಣವನ್ನು ಹಿಡಿಯಲು ಸಿಗರೇಟಿನ ತೆಳು ಕಾಗದವನ್ನು ಪಾಯಿಂಟಿನ ನಡುವೆ ಸಿಕ್ಕಿಸಿ, ಎಂಜಿನ್ನನ್ನು ಕೈಯಿಂದ ಮೆಲ್ಲನೆ ತಿರುಗಿಸುತ್ತ, ಕಾಗದ ಸಡಿಲಗೊಂಡು ಜಾರುವ ಸ್ಥಾನವನ್ನು ಗುರುತಿಸುವ ಉಪಾಯ ಎಲ್ಲ ಮೆಕ್ಯಾನಿಕ್ಕರಿಗೂ ಗೊತ್ತಿತ್ತು. ಬೆಲೆಬಾಳುವ ಉಪಕರಣವಿಲ್ಲದೆ, ಬೆರಳ ತುದಿಯ ಸ್ಪರ್ಶವನ್ನೇ ನಂಬಿ, ಇಷ್ಟು ನಿಖರವಾದ ಅಳತೆಯನ್ನು ಸಾಧಿಸಿದ ಈ ಜನರ ಕೌಶಲವನ್ನು ನಾನು ಮನಃಪೂರ್ವಕವಾಗಿ ಗೌರವಿಸುತ್ತೇನೆ.

ಹಳೆಯ ಗಾಡಿಯನ್ನು ಉತ್ತಮಪಡಿಸುವ ಹವ್ಯಾಸ ಈಚಿನವರದೆಂದು ತಿಳಿಯುವುದು ಸರಿಯಲ್ಲ. ಸ್ವತಃ ಕಾರ್ಖಾನೆಯೇ ಈ ಕೆಲಸಕ್ಕೆ ಮೊದಲಿಟ್ಟಿತು. 1970ರ ದಶಕದಲ್ಲಿ ಗಾಡಿಗಳು ಯೆಜ್ಡಿ ಎಂಬ ಹೆಸರನ್ನು ತಳೆದ ಮೇಲೆ, ಅದೇ ಎಂಜಿನ್ನನ್ನು ತಿದ್ದಿ ತೀಡಿ, 1978ರಲ್ಲಿ 16 ಅಶ್ವಶಕ್ತಿಯ ರೋಡ್‌ಕಿಂಗನ್ನು ಹೊರತಂದರು. ಪೆಟ್ರೋಲಿಗೆ ಎಣ್ಣೆ ಬೆರೆಸುವ ತೊಂದರೆಯನ್ನು ತಪ್ಪಿಸಲು ಎಣ್ಣೆಯನ್ನು ತಾನೇ ಒದಗಿಸುವ ಪಂಪನ್ನು ಆಯಿಲ್‌ಕಿಂಗ್ ಎಂಬ ಮಾದರಿಗೆ ಅಳವಡಿಸಿದರು. ಕಲ್ಪನೆ ಉತ್ತಮವಾದುದೇ, ಆದರೆ ಪಂಪು ನಿಂತುದು ಸವಾರನಿಗೆ ತಿಳಿಯುವ ಹೊತ್ತಿಗೆ ಪಿಸ್ಟನ್ನು ಕಚ್ಚಿರುತ್ತಿದ್ದುದರಿಂದ, ಎಷ್ಟೋ ಮಂದಿ ಮಾಲೀಕರು ಪಂಪನ್ನು ಕಳಚಿಟ್ಟು ಪುನಃ ಕೈಯಿಂದಲೇ ಎಣ್ಣೆ ಬೆರೆಸತೊಡಗಿದರು. ಕಾರ್ಖಾನೆ ಮಾಡಿದ ಸುಧಾರಣೆಯನ್ನು ಮನೆಗಳು ಪರೀಕ್ಷಿಸಿ ತಿರಸ್ಕರಿಸಿದ ಈ ಪ್ರಸಂಗ ನನಗೆ ಬಹಳ ಮುಖ್ಯವೆಂದು ತೋರುತ್ತದೆ. ಮೇಲಾಗಿ, ತಿರಸ್ಕರಿಸಿದ್ದನ್ನು ಕಳಚಿಡಲು ಸಾಧ್ಯವಾಯಿತೆಂಬುದನ್ನು ಇಲ್ಲಿ ಗಮನಿಸಬೇಕು.

ಅವನತಿಯ ಕಥೆ ಬೇಗ ಹೇಳಿ ಮುಗಿಸುವಂಥದು. 1985ರಲ್ಲಿ ಹೀರೋ ಹೋಂಡಾದ ಸಿಡಿ 100, ಯಮಹಾದ ಆರ್‌ಎಕ್ಸ್ 100 ಗಾಡಿಗಳು ಬಂದವು. ಹಗುರವಾದ, ಕಡಿಮೆ ಪೆಟ್ರೋಲು ಕುಡಿಯುವ ಗಾಡಿಗಳ ಮುಂದೆ ಯೆಜ್ಡಿ ಭಾರವಾಗಿಯೂ ದುಬಾರಿಯಾಗಿಯೂ ಕಂಡಿತು. ಹೊಗೆಯ ಮೇಲಿನ ನಿರ್ಬಂಧಗಳು ಬಿಗಿಯಾದುವು. 1996ರಲ್ಲಿ ಕಾರ್ಖಾನೆ ನಿಂತಿತು. ಅಲ್ಲಿ ದುಡಿದಿದ್ದವರಲ್ಲಿ ಕೆಲವರು ಮೈಸೂರಿನ ಬಡಾವಣೆಗಳಲ್ಲಿ ಸಣ್ಣ ಗ್ಯಾರೇಜುಗಳನ್ನಿಟ್ಟುಕೊಂಡು, ಅಸೆಂಬ್ಲಿಯಲ್ಲಿ ಕಲಿತ ಅಳತೆಗಳನ್ನು ಹುಡುಗರಿಗೆ ಕಲಿಸಿದರು. ಬಿಡಿ ಭಾಗಗಳಿಗಾಗಿ ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳನ್ನೂ ಗುಜರಿಗಳನ್ನೂ ಅಲೆಯುವುದು, ದೊರೆಯದ ಬುಷ್ಷನ್ನು ಲೇತಿನಲ್ಲಿ ಕಡೆಸುವುದು, ಸವೆದ ಸಿಲಿಂಡರನ್ನು ಬೋರ್ ಮಾಡಿಸಿ ಕಾಲು ಮಿಲಿಮೀಟರ್ ದೊಡ್ಡದಾದ ಪಿಸ್ಟನ್ನನ್ನು ಕೂಡಿಸುವುದು ಹೀಗೆ ಈ ಪದ್ಧತಿ ಮುಂದುವರಿಯಿತು. 2018ರಲ್ಲಿ ಜಾವಾ ಹೆಸರು ಹೊಸ ಗಾಡಿಗಳ ಮೇಲೆ ಮರಳಿ ಬಂದಿತಾದರೂ, ಅವು ಫೋರ್ ಸ್ಟ್ರೋಕ್ ಯಂತ್ರಗಳಾದುದರಿಂದ ಅವುಗಳ ಬಿಡಿ ಭಾಗ ಹಳೆಯದರ ಉಪಯೋಗಕ್ಕೆ ಬರುವಂತಿಲ್ಲ.

ಈಗ ಹಳೆಯ ಜಾವಾವನ್ನು ಮನೆಯಲ್ಲಿ ಇಟ್ಟುಕೊಂಡವರ ಮುಂದಿರುವ ಪ್ರಶ್ನೆ, ಎಷ್ಟರಮಟ್ಟಿಗೆ ಬದಲಿಸಬಹುದು ಎಂಬುದು. 6 ವೋಲ್ಟಿನ ಮಂದ ದೀಪದಲ್ಲಿ ಇಂದಿನ ಹೆದ್ದಾರಿಯನ್ನು ರಾತ್ರಿ ಕ್ರಮಿಸುವುದು ಅಪಾಯಕರ; 12 ವೋಲ್ಟಿಗೆ ಪರಿವರ್ತಿಸುವುದನ್ನು ನಾನು ತಪ್ಪೆನ್ನಲಾರೆ. ಪಾಯಿಂಟಿನ ಬದಲು ಎಲೆಕ್ಟ್ರಾನಿಕ್ ಇಗ್ನಿಷನ್, ಸವೆದ ಯಿಕೋವ್ ಕಾರ್ಬುರೇಟರಿನ ಬದಲು ಮಿಕುನಿ, ಇವೂ ಉಪಯುಕ್ತವಾದ ಬದಲಾವಣೆಗಳೇ, ತೆಗೆದ ಮೂಲ ಭಾಗವನ್ನು ಎಣ್ಣೆ ಸವರಿ ಕಟ್ಟಿಟ್ಟುಕೊಂಡಿದ್ದರೆ. ಆದರೆ ಚಾಸಿಯನ್ನು ಕೊಯ್ದು ಆಸನವನ್ನು ಗಿಡ್ಡ ಮಾಡುವುದು, ಟ್ಯಾಂಕಿನ ಮೇಲಿನ ಕ್ರೋಮನ್ನು ಉಜ್ಜಿ ಕಂಡ ಬಣ್ಣವನ್ನು ಬಳಿಯುವುದು, ಸೈಲೆನ್ಸರಿನ ಒಳಗೊಳವೆಯನ್ನು ಕಿತ್ತೆಸೆದು ಊರಿಗೆಲ್ಲ ಕೇಳುವಂತೆ ಓಡಿಸುವುದು ಇವು ಸುಧಾರಣೆಗಳಲ್ಲ, ನಾಶ. ಕಳಚಿ ಮೊದಲಿನಂತೆ ಮಾಡಬಹುದಾದ ಬದಲಾವಣೆ ಸಾಧು, ಮಾಡಲಾಗದ್ದು ಅಸಾಧು. ಕಾನೂನೂ ಈ ವಿವೇಕವನ್ನೇ ಅನುಸರಿಸಿದೆ. 2021ರಲ್ಲಿ ಬಂದ ಕೇಂದ್ರ ಸರಕಾರದ ನಿಯಮದಂತೆ 50 ವರ್ಷ ಮೀರಿದ ಗಾಡಿಯನ್ನು ವಿಂಟೇಜ್ ಎಂದು ನೋಂದಾಯಿಸಬೇಕಾದರೆ ಅದರ ಚಾಸಿಯಾಗಲಿ ಎಂಜಿನ್ನಾಗಲಿ ಗಣನೀಯವಾಗಿ ಮಾರ್ಪಟ್ಟಿರಬಾರದು. ಹಾಗೆ ನೋಂದಾಯಿತವಾದ ಗಾಡಿಯನ್ನು ನಿತ್ಯದ ಓಡಾಟಕ್ಕೆ ಬಳಸುವಂತೆಯೂ ಇಲ್ಲ.

ಶೇಕಡ 20 ಎಥನಾಲ್ ಬೆರೆತ ಪೆಟ್ರೋಲು ಈಗ ಒಂದು ಹೊಸ ಚಿಂತೆ. ಹಳೆಯ ರಬ್ಬರಿನ ಕೊಳವೆ ವಾಷರುಗಳು ಅದಕ್ಕೆ ಬೇಗ ಮೆತ್ತಗಾಗುತ್ತವೆ. ಗಾಳಿಯ ತೇವವನ್ನು ಅದು ಹೀರಿಕೊಳ್ಳುವುದರಿಂದ, ಬಹುಕಾಲ ನಿಲ್ಲಿಸಿದ ಗಾಡಿಯ ಟ್ಯಾಂಕು ಒಳಗಿನಿಂದ ತುಕ್ಕು ಹಿಡಿಯುತ್ತದೆ. ಕೊಳವೆಗಳನ್ನು ಹೊಸದಾಗಿ ಹಾಕಿಸಿ, ಮೇನ್ ಜೆಟ್ಟನ್ನು ಒಂದು ಅಳತೆ ದೊಡ್ಡದಾಗಿಸಿ, ಗಾಡಿಯನ್ನು ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಟ್ಯಾಂಕನ್ನು ಬರಿದು ಮಾಡಿಡುವುದು ಒಳ್ಳೆಯದು.

ಓದುಗರಲ್ಲಿ ನನ್ನದೊಂದು ಪ್ರಾರ್ಥನೆಯಿದೆ. ಜಾವಾ, ಯೆಜ್ಡಿಗಳ ಮೇಲೆ ಜೀವಮಾನವೆಲ್ಲ ಕೈಯಾಡಿಸಿದ ಹಿರಿಯ ಮೆಕ್ಯಾನಿಕ್ಕರು ನಿಮ್ಮ ಊರಿನಲ್ಲಿ ಇದ್ದರೆ, ಅವರ ಬಳಿಗೆ ಹೋಗಿ ಕುಳಿತು, ಟೈಮಿಂಗಿನ ಅಳತೆಯಿಂದ ಹಿಡಿದು ಕ್ರ್ಯಾಂಕಿನ ಸೀಲು ಸೋರುವ ಲಕ್ಷಣದವರೆಗೆ ಅವರು ಹೇಳುವುದನ್ನೆಲ್ಲ ಕನ್ನಡದಲ್ಲಿಯೇ ಬರೆದಿಟ್ಟುಕೊಳ್ಳಿರಿ. ಬರೆದುದರ ಒಂದು ಪ್ರತಿಯನ್ನು ಗಾಡಿಯನ್ನಿಟ್ಟುಕೊಂಡ ಮತ್ತೊಬ್ಬರಿಗೆ ಕೊಡಿರಿ.