'ಓಲಾಮ್' ಎಂದರೆ ಎಷ್ಟು ಕಾಲ?

1868ರಲ್ಲಿ, ಇಂದಿನ ಜೋರ್ಡಾನಿನ ಧೀಬಾನ್ ಎಂಬಲ್ಲಿ ಒಂದು ಕಪ್ಪು ಶಿಲಾಶಾಸನ ಬೆಳಕಿಗೆ ಬಂತು. ಅದನ್ನು ಬರೆಸಿದವನು ಕ್ರಿ.ಪೂ. ಒಂಬತ್ತನೆಯ ಶತಮಾನದ ಮೋವಾಬ್ ದೊರೆ ಮೇಶ. ಇಸ್ರೇಲ್ 'ಓಲಾಮ್' ತನಕ ನಾಶವಾಯಿತೆಂದು ಆತ ಅದರಲ್ಲಿ ಕೊಚ್ಚಿಕೊಂಡಿದ್ದಾನೆ. ಆದರೆ ಆ ಇಸ್ರೇಲ್ ರಾಜ್ಯ ಅನಂತರವೂ ನೂರಕ್ಕೂ ಹೆಚ್ಚು ವರ್ಷ ಬಾಳಿತು. (ಶಾಸನದಲ್ಲಿ 'ನಾಶವಾಯಿತು' ಎಂಬುದಕ್ಕೆ ಬಳಸಿರುವ 'ಅಬದ್' ಶಬ್ದದ ಅಕ್ಷರಗಳೇ ಅರಬಿಯಲ್ಲಿ ಕೊನೆಯಿಲ್ಲದ ಕಾಲವನ್ನು ಸೂಚಿಸುತ್ತವೆ ಎಂಬುದು ಒಂದು ತಮಾಷೆ.)

ಮೋವಾಬಿನ ಭಾಷೆ ಹೀಬ್ರೂವಿನ ಒಡಹುಟ್ಟು. ಹೀಬ್ರೂ ಧರ್ಮಗ್ರಂಥಗಳಲ್ಲೂ ಇದೇ ಓಲಾಮ್ ನೂರಾರು ಕಡೆ ಬರುತ್ತದೆ. ಅನುವಾದಕರು ಇದನ್ನು 'ನಿತ್ಯ', 'ಶಾಶ್ವತ', 'ಸದಾಕಾಲ' ಎಂದೆಲ್ಲ ಕರೆದಿದ್ದಾರೆ. ಮೂಲದಲ್ಲಿ ಅದು ಕಣ್ಣಿಗೆ ಅಂಚು ಕಾಣದಷ್ಟು ದೂರದ ಕಾಲ. ಮುಂದಿನದೂ ಆಗಬಹುದು, ಹಿಂದಿನದೂ ಆಗಬಹುದು. ಆದಿಕಾಂಡವು ಪುರಾತನ ಕಾಲದ ಪರಾಕ್ರಮಿಗಳನ್ನು 'ಓಲಾಮ್‌ನವರು' ಎನ್ನುತ್ತದೆ. ಅವರು ಆದಿಯಿಲ್ಲದವರು ಎಂದು ಯಾರೂ ಅರ್ಥ ಮಾಡುವುದಿಲ್ಲ. ಮೀನಿನ ಹೊಟ್ಟೆಯಲ್ಲಿದ್ದ ಪ್ರವಾದಿ ಯೂನುಸ್(ಅ)ರ ಪ್ರಾರ್ಥನೆಯಲ್ಲಿ ಭೂಮಿಯ ಅಗುಳಿಗಳು 'ಓಲಾಮ್'ಗೆ ಮುಚ್ಚಿಕೊಂಡವೆಂದಿದೆ. ಆ ಗ್ರಂಥದ ಪ್ರಕಾರ ಅವರು ಒಳಗಿದ್ದುದು ಮೂರು ಹಗಲು, ಮೂರು ಇರುಳು. ಮುಂದೆ ಯಹೂದಿ ವಿದ್ವಾಂಸರ ಹೀಬ್ರೂವಿನಲ್ಲಿ ಈ ಶಬ್ದಕ್ಕೆ 'ಲೋಕ' ಎಂಬ ಅರ್ಥವೂ ಕೂಡಿಕೊಂಡಿತು. ನಮಗೆ ಪರಿಚಿತವಾದ ಅರಬಿಯ 'ಆಲಮ್' ಇದರ ನೆಂಟ.

ಈ ಶಬ್ದದ ಮೇಲೆ ಮನುಷ್ಯರ ಬದುಕೇ ನಿಂತಿದ್ದುಂಟು. ವಿಮೋಚನಕಾಂಡದ 21ನೇ ಅಧ್ಯಾಯದಂತೆ ಹೀಬ್ರೂ ದಾಸನಿಗೆ ಏಳನೆಯ ವರ್ಷ ಬಿಡುಗಡೆ. ಆತ ಒಡೆಯನನ್ನೂ ಹೆಂಡತಿ ಮಕ್ಕಳನ್ನೂ ಬಿಟ್ಟು ಹೋಗಲಾರೆನೆಂದರೆ ಬಾಗಿಲಿಗೆ ನಿಲ್ಲಿಸಿ, ದಬ್ಬಳದಿಂದ ಕಿವಿ ಚುಚ್ಚಬೇಕು. ಆಮೇಲೆ ಅವನು 'ಓಲಾಮ್'ವರೆಗೆ ದಾಸ. ಆದರೆ ಐವತ್ತನೆಯ ವರ್ಷ ಎಲ್ಲರೂ ತಮ್ಮ ತಮ್ಮ ಕುಟುಂಬಕ್ಕೆ ಮರಳಬೇಕೆಂದು ಯಾಜಕಕಾಂಡ ಹೇಳುತ್ತದೆ. ಆದ್ದರಿಂದ ಇಲ್ಲಿ ಓಲಾಮ್ ಎಂದರೆ ಆ ಜೂಬಿಲಿ ವರ್ಷದವರೆಗೆ ಮಾತ್ರ ಎಂದು ರಬ್ಬಿಗಳು ತೀರ್ಮಾನಿಸಿದರು. ಹನ್ನೊಂದನೆಯ ಶತಮಾನದ ವ್ಯಾಖ್ಯಾನಕಾರ ರಾಶಿಯವರೂ ಹಾಗೆಯೇ ಬರೆದರು. 'ಶಾಶ್ವತ'ಕ್ಕೆ ಹೀಗೆ ಒಂದು ಗಡುವು ಸಿಕ್ಕಿತು. ಅದೇ ಯಾಜಕಕಾಂಡದಲ್ಲಿ ಪರಕೀಯ ದಾಸರ ಬಗ್ಗೆಯೂ ಓಲಾಮ್ ಬಂದಿದೆ. ಅವರಿಗೆ ಮಾತ್ರ ಈ ಗಡುವು ಸಿಗಲಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಅಮೆರಿಕದ ದಕ್ಷಿಣ ರಾಜ್ಯಗಳ ದಾಸ್ಯ ಸಮರ್ಥಕರು ಎತ್ತಿ ತೋರಿಸುತ್ತಿದ್ದುದು ಈ ಎರಡನೆಯ ವಚನಗಳನ್ನೇ. ಶಬ್ದ ಒಂದೇ, ಕೊರಳು ಬೇರೆ!

ಕ್ರಿ.ಪೂ. ಮೂರನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯಾದಲ್ಲಿ ಆರಂಭವಾದ ಗ್ರೀಕ್ ಅನುವಾದ ಇದಕ್ಕೆ 'ಅಯೋನ್' ಎಂಬ ಶಬ್ದವನ್ನು ಆರಿಸಿತು. ಅದಕ್ಕೂ ಆಯುಷ್ಯ, ಯುಗ ಎಂಬ ಅರ್ಥಗಳಿದ್ದವು. ಲ್ಯಾಟಿನ್‌ಗೆ ಬಂದಾಗ ಹಲವು ಕಡೆ 'ಅನಂತ' ಎಂಬ ಅರ್ಥವೇ ಗಟ್ಟಿಯಾಯಿತು. ಹಾಗೆಂದು ಹೀಬ್ರೂವಿನಲ್ಲಿ ನಿತ್ಯತೆಯ ಕಲ್ಪನೆಯೇ ಇರಲಿಲ್ಲವೆಂದು ವಾದಿಸುವವರ ಮಾತನ್ನು ನಾವು ಒಪ್ಪಲಾರೆವು. ಬೆಟ್ಟಗಳು ಹುಟ್ಟುವ ಮೊದಲೇ, ಓಲಾಮ್‌ನಿಂದ ಓಲಾಮ್‌ವರೆಗೆ ದೇವನಿದ್ದಾನೆ ಎಂದು 90ನೇ ಕೀರ್ತನೆ ಹೇಳುವಾಗ ಅಲ್ಲಿ ಯಾವ ಗಡುವೂ ಉಳಿಯುವುದಿಲ್ಲ. ದಾನಿಯೇಲನ ಗ್ರಂಥದಲ್ಲಿ ಸತ್ತವರು ಎಚ್ಚತ್ತು ಪಡೆಯುವ ಬದುಕೂ ಓಲಾಮ್‌ನದೇ. ಯಾರ ಕುರಿತು ಹೇಳಲಾಗಿದೆ ಎಂಬುದರಿಂದ ಶಬ್ದದ ಅಳತೆ ತಿಳಿಯುತ್ತದೆ.

ವಾಗ್ದಾನಗಳ ವಿಷಯಕ್ಕೆ ಬಂದಾಗ ಇನ್ನೊಂದು ಅಂಶವಿದೆ. ಯಾಜಕ ಏಲಿಯ ಮನೆತನ ಓಲಾಮ್‌ವರೆಗೆ ತನ್ನ ಸನ್ನಿಧಿಯಲ್ಲಿರುವುದೆಂದು ದೇವನು ಮಾತು ಕೊಟ್ಟಿದ್ದನು. ಮಕ್ಕಳು ಬಲಿಯ ಮಾಂಸವನ್ನೇ ಕಸಿದು ತಿನ್ನತೊಡಗಿದಾಗ ಆ ಮಾತನ್ನು ಹಿಂತೆಗೆದುಕೊಂಡನೆಂದು ಸಮುವೇಲನ ಮೊದಲ ಗ್ರಂಥದಲ್ಲಿದೆ. ಕಾನಾನ್ ನಾಡನ್ನು ಪ್ರವಾದಿ ಇಬ್ರಾಹೀಮ್(ಅ)ರ ಸಂತತಿಗೆ ಓಲಾಮ್‌ನ ಸ್ವತ್ತಾಗಿ ಕೊಡುವ ಮಾತು ಆದಿಕಾಂಡದ 17ನೇ ಅಧ್ಯಾಯದಲ್ಲಿದೆ. ಇಂದು ವೆಸ್ಟ್ ಬ್ಯಾಂಕಿನಲ್ಲಿ ವಸಾಹತು ಕಟ್ಟುವವರ ಪೈಕಿ ಧರ್ಮದ ಹೆಸರೆತ್ತುವವರು ಇದನ್ನು ಹಕ್ಕುಪತ್ರದಂತೆ ಮುಂದಿಡುತ್ತಾರೆ. ಅದೇ ನಾಡು, ಅದೇ ಶಬ್ದ ಯೆರೆಮೀಯನ ಏಳನೆಯ ಅಧ್ಯಾಯದಲ್ಲೂ ಇವೆ. ಆತ ದೇವಾಲಯದ ಬಾಗಿಲಲ್ಲಿ ನಿಂತು ಷರತ್ತು ಹಾಕಿದ: ಪರದೇಶಿಯನ್ನೂ ಅನಾಥರನ್ನೂ ವಿಧವೆಯರನ್ನೂ ಪೀಡಿಸದಿದ್ದರೆ, ನಿರಪರಾಧಿಗಳ ರಕ್ತ ಸುರಿಸದಿದ್ದರೆ ಮಾತ್ರ ಈ ನಾಡಿನಲ್ಲಿ ವಾಸ. ಕೇಳಿದವರು ಕಡಿಮೆ. ಕ್ರಿ.ಪೂ. 586ರ ಸುಮಾರಿಗೆ ಬಾಬಿಲೋನಿನ ಸೈನ್ಯ ಆ ದೇವಾಲಯವನ್ನು ಸುಟ್ಟುಹಾಕಿತು.