ಬೀದರಿನ ರನ್‌ವೇ: ಕದ್ದು ತಂದ ಬಂದೂಕಿನಿಂದ ಸೂರ್ಯಕಿರಣದವರೆಗೆ



ಬೀದರ್ ಎಂದ ಕೂಡಲೇ ನಿಮಗೆ ಏನು ನೆನಪಾಗುತ್ತದೆ? ಬಹಮನಿ ಸುಲ್ತಾನರ ಕೋಟೆ, ಮಹಮೂದ್ ಗವಾನನ ಮದರಸಾ, ಕಪ್ಪು ಲೋಹದ ಮೇಲೆ ಬೆಳ್ಳಿಯ ಬಳ್ಳಿ ಹಬ್ಬಿಸುವ ಬಿದ್ರಿ ಕಲೆ, ನಾನಕ್ ಝೀರಾದ ಗುರುದ್ವಾರ. ಆದರೆ ಬೀದರಿನವರನ್ನೇ ಕೇಳಿ ನೋಡಿ, ಈ ಪಟ್ಟಿಗೆ ಇನ್ನೊಂದನ್ನು ಸೇರಿಸುತ್ತಾರೆ. ಅದು ಕಣ್ಣಿಗಿಂತ ಮೊದಲು ಕಿವಿಗೆ ಬೀಳುವಂಥದ್ದು. ಮೇಷ್ಟ್ರು ಪಾಠ ಹೇಳುತ್ತಾ ಅರ್ಧಕ್ಕೆ ನಿಲ್ಲಿಸಿ, ಸದ್ದು ದಾಟಿಹೋಗಲಿ ಎಂದು ಕಾಯುವಂಥದ್ದು. ಹೌದು, ಜೆಟ್ ವಿಮಾನಗಳ ಗುಡುಗು!

ಸಮುದ್ರಮಟ್ಟಕ್ಕಿಂತ ಎರಡು ಸಾವಿರ ಅಡಿಗೂ ಎತ್ತರದ ಕೆಂಪು ಮಣ್ಣಿನ ಪ್ರಸ್ಥಭೂಮಿಯ ಮೇಲಿರುವ ಈ ವಾಯುನೆಲೆ, ನಮ್ಮ ದೇಶದ ಯುದ್ಧವಿಮಾನ ಪೈಲಟ್‌ಗಳು ಪಳಗುವ ಗರಡಿಮನೆ. ಹೈದರಾಬಾದಿನಿಂದ ರಸ್ತೆಯಲ್ಲಿ ಮೂರು ಗಂಟೆಯ ದಾರಿ. ಇಲ್ಲಿರುವ ನಮ್ಮಲ್ಲಿ ಎಷ್ಟೋ ಮಂದಿಗೆ ಅದು ತವರು ಜಿಲ್ಲೆ. ಆದರೂ ಆ ನೆಲದ ಕಥೆ ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲ. ಬನ್ನಿ, ಈ ಸಲ ಆ ಕಥೆಯನ್ನೇ ಕೇಳೋಣ.

ಕಥೆ ಶುರುವಾಗುವುದು ಭಾರತದ ವಾಯುಪಡೆಯಿಂದಲ್ಲ. ಒಬ್ಬ ಆಸ್ಟ್ರೇಲಿಯನ್ ಸಾಹಸಿಯಿಂದ.

1947ರ ಆಗಸ್ಟ್ 15ರಂದು ದೇಶಕ್ಕೆಲ್ಲ ಸ್ವಾತಂತ್ರ್ಯ ಬಂತು. ಹೈದರಾಬಾದ್ ಸಂಸ್ಥಾನಕ್ಕೆ ಬರಲಿಲ್ಲ. ಅಂದಿನ ಬೀದರ್, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳ ಕನ್ನಡಿಗರು ನಿಜಾಮರ ಪ್ರಜೆಗಳಾಗಿಯೇ ಉಳಿದರು. ಏಳನೇ ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ ಭಾರತಕ್ಕೆ ಸೇರಲು ಒಪ್ಪಲಿಲ್ಲ. ನವೆಂಬರ್ 29ರಂದು ಒಂದು ವರ್ಷದ ಮಟ್ಟಿಗೆ 'ಯಥಾಸ್ಥಿತಿ ಒಪ್ಪಂದ'ವಾಯಿತು. ಕಾಗದದ ಮೇಲೆ ಶಾಂತಿ, ಹಳ್ಳಿಗಳಲ್ಲಿ ಖಾಸಿಂ ರಜ್ವಿಯ ರಜಾಕಾರರ ಹಾವಳಿ. 1948ರ ಮೇ ತಿಂಗಳಲ್ಲಿ ಬಸವಕಲ್ಯಾಣದ ಸಮೀಪದ ಗೋರ್ಟಾ ಗ್ರಾಮದಲ್ಲಿ ನಡೆದ ಹತ್ಯಾಕಾಂಡವನ್ನು ಆ ಭಾಗದವರು ಇಂದಿಗೂ ಮರೆತಿಲ್ಲ.

ಸಂಸ್ಥಾನದ ಸುತ್ತಲೂ ಭಾರತದ ನೆಲ. ಸಮುದ್ರವಿಲ್ಲ, ಬಂದರಿಲ್ಲ. ಭಾರತ ಸರ್ಕಾರ ದಿಗ್ಬಂಧನ ಬಿಗಿಗೊಳಿಸಿತ್ತು. ಹಾಗಾದರೆ ನಿಜಾಮರ ಸೈನ್ಯಕ್ಕೆ ಆಯುಧ ಬರುವುದು ಎಲ್ಲಿಂದ? ಉಳಿದದ್ದು ಒಂದೇ ದಾರಿ, ಆಕಾಶ!

ಆಗ ಬಂದವನೇ ಸಿಡ್ನಿ ಕಾಟನ್. ಈತ ಸಾಮಾನ್ಯ ಆಸಾಮಿಯಲ್ಲ. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ನೌಕಾ ವಾಯುದಳದ ಪೈಲಟ್. ಆಗಿನ ತೆರೆದ ವಿಮಾನಗಳಲ್ಲಿ ಚಳಿಗೆ ಮರಗಟ್ಟುತ್ತಿದ್ದ ಪೈಲಟ್‌ಗಳಿಗಾಗಿ 'ಸಿಡ್‌ಕಾಟ್' ಎಂಬ ಬೆಚ್ಚನೆಯ ಉಡುಪನ್ನು ರೂಪಿಸಿದವನು. ಎರಡನೇ ಮಹಾಯುದ್ಧಕ್ಕೆ ಮುಂಚೆ ವ್ಯಾಪಾರಿಯ ಸೋಗಿನಲ್ಲಿ ಜರ್ಮನಿಯ ಮೇಲೆ ಹಾರಾಡಿ, ವಿಮಾನದ ಹೊಟ್ಟೆಯಲ್ಲಿ ಬಚ್ಚಿಟ್ಟ ಕ್ಯಾಮರಾದಿಂದ ಫೋಟೋ ತೆಗೆದವನು. ಅಂಥವನಿಗೆ ಕರಾಚಿಯಿಂದ ಹೈದರಾಬಾದಿಗೆ ಕದ್ದು ಹಾರುವುದು ಮತ್ತೊಂದು ಸಾಹಸ, ಜೊತೆಗೆ ಕೈತುಂಬ ಹಣ.

1948ರಲ್ಲಿ ಆತ 'ಲ್ಯಾಂಕಾಸ್ಟ್ರಿಯನ್' ವಿಮಾನಗಳನ್ನು ಹೊಂದಿಸಿಕೊಂಡ. ಯುದ್ಧಕಾಲದ ಲ್ಯಾಂಕಾಸ್ಟರ್ ಬಾಂಬರನ್ನೇ ಮಾರ್ಪಡಿಸಿ ಮಾಡಿದ ನಾಲ್ಕು ಎಂಜಿನ್ನಿನ ವಿಮಾನ ಅದು. ರಾತ್ರಿಯ ಕತ್ತಲಲ್ಲಿ ಕರಾಚಿ ಬಿಟ್ಟು, ಭಾರತದ ನೆಲದ ಮೇಲೆ ಹಾದು, ಬಂದೂಕು ಮದ್ದುಗುಂಡುಗಳ ಪೆಟ್ಟಿಗೆಗಳನ್ನು ಹೊತ್ತು ಬಂದು ಸಂಸ್ಥಾನದೊಳಗೆ ಇಳಿಯುತ್ತಿತ್ತು. ಇಳಿಯುತ್ತಿದ್ದ ತಾಣಗಳಲ್ಲಿ ವಾರಂಗಲ್ ಒಂದು, ನಮ್ಮ ಬೀದರ್ ಇನ್ನೊಂದು.

ಸ್ವಲ್ಪ ಯೋಚಿಸಿ ನೋಡಿ. ಊರಿನವರು ರಜಾಕಾರರ ಭಯಕ್ಕೆ ಬಾಗಿಲು ಭದ್ರಪಡಿಸಿಕೊಂಡು ಮಲಗಿದ್ದ ಕಾಲ. ಅದೇ ಊರಿನ ಅಂಚಿನಲ್ಲಿ, ಅವರನ್ನು ಭಾರತದಿಂದ ದೂರ ಇಡಲು ಬೇಕಾದ ಆಯುಧ ನಡುರಾತ್ರಿ ಇಳಿಯುತ್ತಿತ್ತು. ಬೀದರಿನ ಜನರ ಪಾಲಿಗೆ ವಿಮಾನದ ಸದ್ದಿನ ಮೊದಮೊದಲ ಅರ್ಥ ಇದು.

1948ರ ಸೆಪ್ಟೆಂಬರ್ 13ರಂದು ಭಾರತೀಯ ಸೇನೆ ಸಂಸ್ಥಾನದೊಳಗೆ ನುಗ್ಗಿತು. ಸೇನೆಯ ದಾಖಲೆಯಲ್ಲಿ ಅದು 'ಆಪರೇಷನ್ ಪೋಲೊ', ನಮ್ಮ ಜನರ ಬಾಯಲ್ಲಿ 'ಪೊಲೀಸ್ ಆಕ್ಷನ್'. ಮೇಜರ್ ಜನರಲ್ ಜೆ.ಎನ್. ಚೌಧುರಿ ನೇತೃತ್ವದ ಮುಖ್ಯ ಪಡೆ ಸೊಲ್ಲಾಪುರದಿಂದ ಹೊರಟು ನಳದುರ್ಗ, ಹುಮನಾಬಾದ್, ಜಹೀರಾಬಾದ್ ದಾರಿ ಹಿಡಿಯಿತು. ಪುಣೆ, ಸೊಲ್ಲಾಪುರ, ಹೈದರಾಬಾದ್ ನಡುವೆ ಓಡಾಡುವ ನಮ್ಮ ಕೇಳುಗರಿಗೆ ಈ ಹೆಸರುಗಳೆಲ್ಲ ಬಸ್ಸಿನ ಕಿಟಕಿಯಿಂದ ಪರಿಚಿತ. ಮೇಲಿನಿಂದ ವಾಯುಪಡೆಯ 'ಟೆಂಪೆಸ್ಟ್' ವಿಮಾನಗಳ ಬೆಂಬಲ. ಅವುಗಳ ಗುರಿಗಳಲ್ಲಿ ಬೀದರ್ ಮತ್ತು ವಾರಂಗಲ್ಲಿನ ವಿಮಾನ ತಾಣಗಳೂ ಇದ್ದವು. ಕಾಟನ್ನನ ಆಕಾಶದ ಬಾಗಿಲು ಅಲ್ಲಿಗೆ ಮುಚ್ಚಿತು. ಸೆಪ್ಟೆಂಬರ್ 17ರ ನಸುಕಿನಲ್ಲಿ ಸೇನೆ ಬೀದರನ್ನು ಪ್ರವೇಶಿಸಿತು. ಅದೇ ಸಂಜೆ ನಿಜಾಮರು ಕದನವಿರಾಮ ಘೋಷಿಸಿದರು.

ಇಲ್ಲಿಗೆ ಕಥೆ ಮುಗಿಸಿ ಚಪ್ಪಾಳೆ ತಟ್ಟಿಬಿಡಬಹುದು. ಆದರೆ ಇತಿಹಾಸ ಅಷ್ಟು ಸರಳವಲ್ಲ. ಆ ಗೆಲುವಿನ ನಂತರದ ದಿನಗಳಲ್ಲಿ ಸೇಡಿನ ಹಿಂಸೆ ನಡೆಯಿತು. ಅನೇಕ ಕಡೆ ರಜಾಕಾರರೊಂದಿಗೆ ಯಾವ ಸಂಬಂಧವೂ ಇಲ್ಲದ ಬಡ ಮುಸ್ಲಿಮರು ಪ್ರಾಣ ತೆತ್ತರು. ಕೇಂದ್ರ ಸರ್ಕಾರ ಕಳುಹಿಸಿದ ಪಂಡಿತ್ ಸುಂದರಲಾಲ್ ಸಮಿತಿ ಅತಿ ಹೆಚ್ಚು ನೊಂದ ನಾಲ್ಕು ಜಿಲ್ಲೆಗಳನ್ನು ಹೆಸರಿಸಿತು: ಉಸ್ಮಾನಾಬಾದ್, ಗುಲ್ಬರ್ಗಾ, ನಾಂದೇಡ್ ಮತ್ತು ಬೀದರ್. ಸಂಸ್ಥಾನದಲ್ಲಿ ಒಟ್ಟಾರೆ 27,000ದಿಂದ 40,000 ಜನ ಸತ್ತಿರಬಹುದು ಎಂಬುದು ಸಮಿತಿಯ ಅಂದಾಜು. ಆ ವರದಿ ದಶಕಗಳ ಕಾಲ ಸಾರ್ವಜನಿಕರಿಗೆ ಸಿಗಲೇ ಇಲ್ಲ. ಗೋರ್ಟಾವನ್ನು ನೆನೆಯುವವರು ಇದನ್ನೂ ನೆನೆಯಬೇಕು, ಇದನ್ನು ನೆನೆಯುವವರು ಗೋರ್ಟಾವನ್ನೂ ನೆನೆಯಬೇಕು. ಎರಡೂ ನಮ್ಮದೇ ನೆಲದ ನೋವು, ಅಲ್ಲವೇ?

1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯ ಮೂರು ಹೋಳಾಯಿತು. ಬೀದರ್ ಮೈಸೂರು ರಾಜ್ಯಕ್ಕೆ, ಅಂದರೆ ಇಂದಿನ ಕರ್ನಾಟಕಕ್ಕೆ ಸೇರಿತು. ಇತ್ತ 1962ರ ಚೀನಾ ಯುದ್ಧ ದೇಶಕ್ಕೆ ಕಹಿ ಪಾಠ ಕಲಿಸಿತು. ವಾಯುಪಡೆ ದೊಡ್ಡದಾಗಬೇಕು, ಅದಕ್ಕೆ ಪೈಲಟ್‌ಗಳು ಬೇಕು, ಪೈಲಟ್‌ಗಳಿಗೆ ಕಲಿಯಲು ಗಡಿಯಿಂದ ದೂರದ ಆಕಾಶ ಬೇಕು. ದಖ್ಖನ್ನಿನ ನಡುಮಧ್ಯದ ಬೀದರ್ ಇದಕ್ಕೆ ಹೇಳಿ ಮಾಡಿಸಿದ ಜಾಗ. 1963ರಲ್ಲಿ ಇಲ್ಲಿ ತರಬೇತಿ ಆರಂಭವಾಯಿತು. ಬಂದೂಕು ಇಳಿದಿದ್ದ ಊರಿನಲ್ಲಿ ಪಾಠಶಾಲೆ ತೆರೆಯಿತು!

ಈ ಶಾಲೆಯ ಕಥೆಗೆ ಬೆಂಗಳೂರಿನ ನಂಟೂ ಉಂಟು. ನಮ್ಮ ದೇಶದ ಪೈಲಟ್‌ಗಳು ಕಲಿತ ಎಚ್‌ಟಿ-2 ಎಂಬ ಪುಟ್ಟ ವಿಮಾನ ಬೆಂಗಳೂರಿನ ಎಚ್‌ಎಎಲ್‌ನಲ್ಲಿ ಡಾ. ವಿ.ಎಂ. ಘಾಟಗೆ ಅವರ ತಂಡ ರೂಪಿಸಿದ್ದು. 1951ರಲ್ಲಿ ಅದು ಮೊದಲ ಬಾರಿ ಹಾರಿತು. 1964ರಲ್ಲಿ ಅದೇ ಅಂಗಳದಿಂದ 'ಕಿರಣ್' ಜೆಟ್ ಮೇಲೇರಿತು. ಇದರಲ್ಲಿ ಗುರು ಶಿಷ್ಯರು ಹಿಂದೆ ಮುಂದೆ ಅಲ್ಲ, ಅಕ್ಕಪಕ್ಕ ಕೂರುತ್ತಿದ್ದರು. ಶಿಷ್ಯನ ಕೈ ನಡುಗಿದರೆ ಗುರುವಿಗೆ ಅಲ್ಲೇ ಕಾಣುತ್ತಿತ್ತು.

ಬೀದರಿನ ಹೆಸರು ಮನೆಮಾತಾದದ್ದು 1996ರಲ್ಲಿ. ಆ ವರ್ಷದ ಮೇ 27ರಂದು ಕಿರಣ್ ವಿಮಾನಗಳದ್ದೇ ಒಂದು ಪ್ರದರ್ಶನ ತಂಡ ಇಲ್ಲಿ ಹುಟ್ಟಿತು. ಅದೇ 'ಸೂರ್ಯಕಿರಣ್'. ಆರು ವಿಮಾನಗಳಿಂದ ಶುರುವಾದ ತಂಡ 1998ರ ವಾಯುಪಡೆ ದಿನದಂದು ದೆಹಲಿಯ ಪಾಲಂನಲ್ಲಿ ಒಂಬತ್ತು ವಿಮಾನಗಳೊಂದಿಗೆ ಹಾರಿತು. ಆಕಾಶದಲ್ಲಿ ಬಾಣದ ಆಕಾರ, ವಜ್ರದ ಆಕಾರ, ಹಿಂದೆ ಕೇಸರಿ ಬಿಳಿ ಹಸಿರು ಹೊಗೆ. ದೆಹಲಿಯಲ್ಲೋ ಚೆನ್ನೈಯಲ್ಲೋ ನೀವು ತಲೆ ಎತ್ತಿ ನೋಡಿ ಮಕ್ಕಳ ಜೊತೆ ಚಪ್ಪಾಳೆ ತಟ್ಟಿದ್ದರೆ ನೆನಪಿಡಿ, ಆ ತಂಡ ನಮ್ಮ ಬೀದರಿನದು.

ಆದರೆ ಆ ಅಂದಕ್ಕೆ ತೆತ್ತ ಬೆಲೆ? ರೆಕ್ಕೆಯ ತುದಿಗೂ ರೆಕ್ಕೆಯ ತುದಿಗೂ ಕೆಲವೇ ಮೀಟರ್ ಅಂತರ. ಕಣ್ಣು ಮಿಟುಕಿಸುವಷ್ಟು ಹೊತ್ತಿನ ತಪ್ಪಿಗೂ ಅಲ್ಲಿ ಜಾಗವಿಲ್ಲ. 2006ರ ಮಾರ್ಚ್ 18ರಂದು ಬೀದರ್ ಬಳಿ ಅಭ್ಯಾಸದ ಹಾರಾಟದಲ್ಲಿ ವಿಂಗ್ ಕಮಾಂಡರ್ ಧೀರಜ್ ಭಾಟಿಯಾ ಮತ್ತು ಸ್ಕ್ವಾಡ್ರನ್ ಲೀಡರ್ ಶೈಲೇಂದರ್ ಸಿಂಗ್ ತೀರಿಕೊಂಡರು. 2009ರ ಜನವರಿ 21ರಂದು ವಿಂಗ್ ಕಮಾಂಡರ್ ಆರ್.ಎಸ್. ಧಾಲಿವಾಲ್. 2019ರ ಫೆಬ್ರವರಿ 19ರಂದು ಯಲಹಂಕದ ವೈಮಾನಿಕ ಪ್ರದರ್ಶನದ ಹಿಂದಿನ ದಿನ ವಿಂಗ್ ಕಮಾಂಡರ್ ಸಾಹಿಲ್ ಗಾಂಧಿ. ಯುದ್ಧವೇ ಇಲ್ಲದ ದಿನಗಳಲ್ಲಿ ಸಮವಸ್ತ್ರದಲ್ಲಿ ಸತ್ತವರ ಹೆಸರು ನಮಗೆ ಬೇಗ ಮರೆತುಹೋಗುತ್ತದೆ. ಅದಕ್ಕೇ ಇಲ್ಲಿ ಒಂದೊಂದಾಗಿ ಬರೆದೆ.

ಈ ನೆಲೆಯ ಇನ್ನೊಂದು ದೊಡ್ಡ ದಿನ 2008ರ ಫೆಬ್ರವರಿ 23. ಅಂದು 'ಹಾಕ್' ತರಬೇತಿ ವಿಮಾನಗಳು ಬೀದರಿನಲ್ಲಿ ವಾಯುಪಡೆಗೆ ಸೇರಿದವು. ಅದರ ಹಿಂದೆ ಇರುವುದು ಉದ್ದನೆಯ ಕಾಯುವಿಕೆ. ನಿಧಾನದ ಕಿರಣ್‌ನಿಂದ ಇಳಿದ ಎಳೆಯ ಪೈಲಟ್ ನೇರ ಮಿಗ್-21 ಏರಬೇಕಿತ್ತು. ಸೈಕಲ್ ಕಲಿತವನ ಕೈಗೆ ಲಾರಿಯ ಕೀಲಿ ಕೊಟ್ಟ ಹಾಗೆ. ನಡುವೆ ಒಂದು ಮೆಟ್ಟಿಲು ಬೇಕು ಎಂದು ಲಾ ಫಾಂಟೇನ್ ಸಮಿತಿ 1982ರಲ್ಲೇ ಹೇಳಿತ್ತು. ಖರೀದಿ ಒಪ್ಪಂದವಾದದ್ದು 2004ರಲ್ಲಿ, ವಿಮಾನ ವಾಯುಪಡೆಗೆ ವಿಧಿವತ್ತಾಗಿ ಸೇರಿದ್ದು 2008ರಲ್ಲಿ. ಮೆಟ್ಟಿಲು ಕಟ್ಟಲು 26 ವರ್ಷ! ಆ ವರ್ಷಗಳಲ್ಲಿ ಮಿಗ್ ಅಪಘಾತಗಳಲ್ಲಿ ಮಗನನ್ನು ಕಳೆದುಕೊಂಡ ತಾಯಂದಿರಿಗೆ ಈ ಲೆಕ್ಕ ಬರೀ ಅಂಕಿಯಲ್ಲ.

ಕಿರಣ್‌ಗಳು ತರಬೇತಿ ಕೆಲಸಕ್ಕೆ ಬೇಕಾದ ಕಾರಣ 2011ರಲ್ಲಿ ಸೂರ್ಯಕಿರಣ್ ತಂಡ ಹಾರಾಟ ನಿಲ್ಲಿಸಿತು. 2015ರಲ್ಲಿ ಹಾಕ್ ವಿಮಾನಗಳನ್ನೇರಿ ಮತ್ತೆ ಬಂತು. ಮರುವರ್ಷ ಇನ್ನೊಂದು ಸಂತೋಷದ ಸುದ್ದಿ. 2016ರ ಜೂನ್ 18ರಂದು ದುಂಡಿಗಲ್‌ನಲ್ಲಿ ದೇಶದ ಮೊದಲ ಮೂವರು ಮಹಿಳಾ ಯುದ್ಧವಿಮಾನ ಪೈಲಟ್‌ಗಳಾಗಿ ಹೊರಬಂದ ಅವನಿ ಚತುರ್ವೇದಿ, ಭಾವನಾ ಕಾಂತ್ ಮತ್ತು ಮೋಹನಾ ಸಿಂಗ್ ಮುಂದಿನ ಕಲಿಕೆಗೆ ಬಂದದ್ದು ಬೀದರಿಗೆ. ಹಾಕ್‌ನಲ್ಲಿ ಪಳಗಿದ ಅವನಿ 2018ರಲ್ಲಿ ಜಾಮನಗರದಲ್ಲಿ ಮಿಗ್-21ನ್ನು ಒಬ್ಬರೇ ಹಾರಿಸಿದರು.

ಇಷ್ಟೆಲ್ಲ ವಿಮಾನ ತಲೆಯ ಮೇಲೆ ಹಾರಿದರೂ ಬೀದರಿನ ಸಾಮಾನ್ಯ ಮನುಷ್ಯನಿಗೆ ವಿಮಾನ ಹತ್ತಲು ಹೈದರಾಬಾದೇ ಗತಿಯಾಗಿತ್ತು. ಶಂಶಾಬಾದ್ ನಿಲ್ದಾಣದ ಒಪ್ಪಂದದಲ್ಲಿ 150 ಕಿಲೋಮೀಟರ್ ಒಳಗೆ ಇನ್ನೊಂದು ನಿಲ್ದಾಣ ಕೂಡದೆಂಬ ಷರತ್ತಿದ್ದು, ಬೀದರಿನ ಆಸೆಗೆ ವರ್ಷಗಟ್ಟಲೆ ಅಡ್ಡಗಾಲಾಯಿತು. ಕೊನೆಗೆ 2020ರ ಫೆಬ್ರವರಿ 7ರಂದು ವಾಯುನೆಲೆಯ ರನ್‌ವೇಯಿಂದಲೇ ಬೆಂಗಳೂರಿಗೆ ನಾಗರಿಕ ವಿಮಾನ ಹಾರಿತು. ಆಮೇಲೆ ಆ ಸೇವೆ ನಿಂತದ್ದೂ ಉಂಟು, ಮತ್ತೆ ಶುರುವಾದದ್ದೂ ಉಂಟು. ಆದರೂ ಮೊದಲ ಸಲ ಊರಿನವರು ಆ ಬೇಲಿಯ ಒಳಗೆ ಪ್ರಯಾಣಿಕರಾಗಿ ಕಾಲಿಟ್ಟರು.

ಒಂದೇ ಊರು, ಒಂದೇ ಆಕಾಶ. ಇಲ್ಲಿ ವಿಮಾನದ ಸದ್ದಿಗೆ ಮೊದಲು ಇದ್ದ ಅರ್ಥ ಭಯ. ಆಮೇಲೆ ಬಿಡುಗಡೆ, ಆಮೇಲೆ ಪಾಠ, ಹೆಮ್ಮೆ, ಸಾವು, ಕೊನೆಗೆ ಪ್ರಯಾಣ. ಇಂದು ಬೀದರಿನ ಮಗು ಸದ್ದು ಕೇಳಿ ಅಂಗಳಕ್ಕೆ ಓಡಿಬಂದು ಕೈ ಬೀಸುತ್ತದೆ. ಅದರ ಮುತ್ತಜ್ಜಿ ಅದೇ ಸದ್ದಿಗೆ ಮಕ್ಕಳನ್ನು ಒಳಗೆ ಎಳೆದುಕೊಂಡಿರಬಹುದು.

ಕೇಳುಗರೇ, ಒಂದು ಮನವಿ. 1948ನ್ನು ಕಣ್ಣಾರೆ ಕಂಡವರಿಗೆ ಈಗ ಎಂಬತ್ತೈದು, ತೊಂಬತ್ತು ವರ್ಷ. ನಿಮ್ಮ ಮನೆಯಲ್ಲಿ, ಬಂಧುಬಳಗದಲ್ಲಿ ಬೀದರ್, ಕಲಬುರಗಿ ಸೀಮೆಯ ಅಂಥ ಹಿರಿಯರಿದ್ದರೆ ಈ ಭಾನುವಾರ ಅವರ ಪಕ್ಕ ಕೂತು ಕೇಳಿ. ಆ ದಿನಗಳಲ್ಲಿ ಎಲ್ಲಿದ್ದಿರಿ, ಏನು ಕಂಡಿರಿ, ಯಾರು ಯಾರನ್ನು ಕಾಪಾಡಿದರು ಎಂದು ಕೇಳಿ. ಹೇಳಿದ್ದನ್ನು ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ, ಸಾಧ್ಯವಾದರೆ ನಮಗೂ ಕಳುಹಿಸಿ. ಅವರ ಮಾತಿನಲ್ಲಿರುವ ಎಷ್ಟೋ ಸಂಗತಿಗಳು ಯಾವ ದಾಖಲೆಯಲ್ಲೂ ಇಲ್ಲ.