ಕಂಡಕ್ಟರ್ ಚೀಲದ ನಾಣ್ಯಗಳು

ನಮ್ಮ ಬೀಗರೊಬ್ಬರು ಫೋನಿನಲ್ಲಿ ವಿಡಿಯೊ ತೋರಿಸುತ್ತಲೇ ಒಳಗೆ ಬಂದರು. ವೈಷ್ಣೋದೇವಿ ಚಿತ್ರದ ಐದು ರೂಪಾಯಿ ನಾಣ್ಯಕ್ಕೆ ಲಕ್ಷಗಟ್ಟಲೆ ಕೊಡುತ್ತಾರಂತೆ. “ನಾಣ್ಯದ ಹುಚ್ಚಿನವರು ನೀವು, ಒಬ್ಬ ಗಿರಾಕೀನ ಹುಡುಕಿ ಕೊಡ್ರಿ” ಅಂದರು. “ಗಿರಾಕಿ ನಾನೇ ಇದ್ದೇನ್ರಿ, ತಗೋರಿ ಐದು ರೂಪಾಯಿ” ಅಂದೆ. ಅವರ ಮುಖ ಸಣ್ಣದಾಯಿತು. 2012ರ ಆ ನಾಣ್ಯ ದಿನಬಳಕೆಗೆಂದೇ ರಾಶಿ ರಾಶಿ ಬಂದದ್ದು. ಹಳೇ ನೋಟು, ನಾಣ್ಯ ಕೊಳ್ಳುವ ನೆಪದಲ್ಲಿ ತನ್ನ ಹೆಸರು ಹೇಳಿಕೊಂಡು ಕಮಿಷನ್ನು, ತೆರಿಗೆ ಅಂತ ದುಡ್ಡು ಕೀಳುವವರಿದ್ದಾರೆ, ಎಚ್ಚರ ಎಂದು ರಿಸರ್ವ್ ಬ್ಯಾಂಕೇ 2021ರಲ್ಲಿ ಪ್ರಕಟಣೆ ಹೊರಡಿಸಿತ್ತು.

ನಾನು ಬಸ್ ಕಂಡಕ್ಟರ್ ಆಗಿದ್ದವನು. ಹಾವೇರಿ ಕಡೆಯ ಹಳ್ಳಿ ರೂಟು, ಮೇಲಿಂದ ಮೇಲೆ ನೈಟ್ ಹಾಲ್ಟು. ಊಟ ಮುಗಿಸಿ ಸೀಟಿನ ಮೇಲೆ ಟವೆಲ್ ಹಾಸಿ, ಚೀಲದ ಚಿಲ್ಲರೆ ಸುರಿದು ವೇಬಿಲ್‌ಗೆ ತಾಳೆ ನೋಡುವಾಗ ಚಿತ್ರ ಬೇರೆಯಿದ್ದ ನಾಣ್ಯ ಕಂಡರೆ, ಜೇಬಿನಿಂದ ಅಷ್ಟೇ ಬೆಲೆಯ ಇನ್ನೊಂದನ್ನು ಹಾಕಿ ಅದನ್ನು ಎತ್ತಿಕೊಳ್ಳುತ್ತಿದ್ದೆ. ಖರ್ಚಿಲ್ಲದ ಹವ್ಯಾಸ. ಚಿಲ್ಲರೆಗೆ ಬರಗಾಲ ಬಿದ್ದು, ಬಾಕಿಯನ್ನು ಟಿಕೆಟ್ಟಿನ ಹಿಂದೆ ಬರೆದುಕೊಟ್ಟು ಬೈಸಿಕೊಳ್ಳುತ್ತಿದ್ದ ದಿನಗಳಲ್ಲೂ ಎತ್ತಿಟ್ಟ ಡಬ್ಬಿಗೆ ಕೈ ಹಾಕಲಿಲ್ಲ. ಹೆಂಡತಿ ಇದನ್ನು ಕರ್ತವ್ಯಲೋಪ ಅನ್ನುತ್ತಿದ್ದಳು.

ಹೀಗೆ ಎತ್ತಿಟ್ಟವೆಲ್ಲ ಯಾರದೋ, ಯಾವುದರದೋ ನೆನಪಿಗೆಂದು ತಂದ ಸ್ಮರಣಾರ್ಥ ನಾಣ್ಯಗಳು. ಸ್ವತಂತ್ರ ಭಾರತದಲ್ಲಿ ಅವುಗಳ ಕಥೆ ಶುರುವಾಗುವುದು ನೆಹರೂ ತೀರಿಕೊಂಡ 1964ರಲ್ಲಿ. ಅವರ ಮುಖದ ಒಂದು ರೂಪಾಯಿ, ಐವತ್ತು ಪೈಸೆ ಬಂದವು. ಎರಡೂ ಅಪ್ಪಟ ನಿಕ್ಕಲ್. ಅಯಸ್ಕಾಂತ ಹಿಡಿದರೆ ಟಕ್ಕನೆ ಅಂಟುತ್ತವೆ. 1969ರಲ್ಲಿ ಗಾಂಧಿ ಶತಮಾನೋತ್ಸವಕ್ಕೆ ಇಪ್ಪತ್ತು ಪೈಸೆಯಿಂದ ಹತ್ತು ರೂಪಾಯಿವರೆಗೆ ನಾಲ್ಕು ನಾಣ್ಯ. ಹತ್ತರದು 15 ಗ್ರಾಂ ತೂಕ, ಅದರಲ್ಲಿ ನೂರಕ್ಕೆ 80 ಪಾಲು ಬೆಳ್ಳಿ. ಅದು ಬಸ್ಸು ಹತ್ತುವ ನಾಣ್ಯವಲ್ಲ. ಇಪ್ಪತ್ತು ಪೈಸೆಯದು ಹಿತ್ತಾಳೆ ಬಣ್ಣದ್ದು. ಅದೇ ವರ್ಷಗಳ ಕಮಲದ ಇಪ್ಪತ್ತು ಪೈಸೆಯನ್ನು ಲಕ್ಷ್ಮೀಪೂಜೆಗೆಂದು ಜನ ಇಂದಿಗೂ ಮುಖಬೆಲೆಯ ನೂರು ಪಟ್ಟಿಗೂ ಹೆಚ್ಚು ಕೊಟ್ಟು ಕೊಳ್ಳುತ್ತಾರೆ. ಅಲ್ಲಿ ದರ ಕಟ್ಟಿದ್ದು ನಮ್ಮಂಥ ಸಂಗ್ರಾಹಕರಲ್ಲ, ದೇವರ ಮನೆ.

ನನಗೆ ಪ್ರೀತಿ ಎಪ್ಪತ್ತರ ದಶಕದವು. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಆಶಯಕ್ಕೆ ಸರಿಯಾಗಿ ಸರ್ಕಾರ ಘೋಷಣೆಗಳನ್ನೇ ದುಡ್ಡಿನ ಮೇಲೆ ಅಚ್ಚೊತ್ತತೊಡಗಿತು. 1970ರಲ್ಲಿ ಎಲ್ಲರಿಗೂ ಆಹಾರ, 1973ರಲ್ಲಿ ಹೆಚ್ಚು ಬೆಳೆಯಿರಿ, 1977ರಲ್ಲಿ ಅಭಿವೃದ್ಧಿಗಾಗಿ ಉಳಿತಾಯ, 1979ರಲ್ಲಿ ಮಕ್ಕಳ ವರ್ಷ. ಇವುಗಳ ನಡುವೆ 1974ರ ಹತ್ತು ಪೈಸೆಯೊಂದಿದೆ: ಅಲೆಅಲೆ ಅಂಚಿನ ಅಲ್ಯುಮಿನಿಯಂ, ಎರಡೂವರೆ ಗ್ರಾಂ ಕೂಡ ತೂಗದು, ಅದರ ಮೇಲೆ ಯೋಜಿತ ಕುಟುಂಬದ ಪಾಠ. ತುರ್ತು ಪರಿಸ್ಥಿತಿಯ ಬಲವಂತದ ಆಪರೇಷನ್ನುಗಳು ಇನ್ನೂ ಶುರುವಾಗಿರಲಿಲ್ಲ. ಸರ್ಕಾರ ಆಗ ಹತ್ತು ಪೈಸೆಯಲ್ಲಿ ಮೆಲ್ಲಗೆ ಹೇಳಿ ನೋಡುತ್ತಿತ್ತು. 1993ರ ಎರಡು ರೂಪಾಯಿಯಲ್ಲಿ ಚಿಕ್ಕ ಕುಟುಂಬ, ಸುಖೀ ಕುಟುಂಬ ಅಂತ ಅದೇ ಮಾತು ಮತ್ತೆ ಬಂತು. ನನ್ನ ಹತ್ತು ಪೈಸೆಯ ಅಕ್ಷರಗಳು ಎಷ್ಟು ಸವೆದಿವೆಯೆಂದರೆ ಬೆಳಕಿಗೆ ಓರೆ ಹಿಡಿದರೆ ಮಾತ್ರ ಓದಬಹುದು. ವ್ಯಾಪಾರಿಗೆ ಅದು ಕೆಟ್ಟ ಮಾಲು. ನನಗೆ ಅದೇ ಬೇಕು. ಅಷ್ಟು ಸವೆಯಬೇಕಾದರೆ ಎಷ್ಟು ಸಂತೆ ಸುತ್ತಿರಬೇಕು!

ಆಮೇಲೆ ಮುಖಗಳ ಕಾಲ. 1985ರಲ್ಲಿ ಇಂದಿರಾ ಅವರ ದಪ್ಪನೆಯ ಐದು ರೂಪಾಯಿ, 1990ರಲ್ಲಿ ಅಂಬೇಡ್ಕರ್, ಮುಂದೆ ಸಾಲು ಸಾಲು. 2006ರಲ್ಲಿ ಬಸವಣ್ಣನವರ ಐದು ರೂಪಾಯಿ ಬಂತು. ಚಿಲ್ಲರೆಯಲ್ಲಿ ಅದನ್ನು ಕೊಟ್ಟರೆ ಹಣೆಗೊತ್ತಿಕೊಂಡು ಸೆರಗಿನ ತುದಿಗೆ ಬೇರೆಯೇ ಗಂಟು ಹಾಕಿಕೊಂಡ ಅಜ್ಜಿಯರನ್ನು ಕಂಡಿದ್ದೇನೆ. ಹತ್ತು ರೂಪಾಯಿಯ ಕಥೆಯೇ ಬೇರೆ. ಇದು ನಡೆಯೋದಿಲ್ಲ ಅಂತ ಯಾರೋ ಹಬ್ಬಿಸಿ ಅಂಗಡಿಯವರೂ ಪ್ರಯಾಣಿಕರೂ ಮುಟ್ಟದಾದರು. ಕಡೆಗೆ ರಿಸರ್ವ್ ಬ್ಯಾಂಕು 2018ರ ಜನವರಿಯಲ್ಲಿ, ಈವರೆಗೆ ಬಂದ 14 ವಿನ್ಯಾಸಗಳೂ ಚಲಾವಣೆಯಲ್ಲಿವೆ ಎಂದು ಹೇಳಬೇಕಾಯಿತು. ಒಂದೇ ಬೆಲೆಗೆ ಹೋಮಿ ಭಾಭಾ, ಸಂಸತ್ ಭವನ, ತೆಂಗಿನ ನಾರಿನ ಮಂಡಳಿ ಎಲ್ಲವನ್ನೂ ಹತ್ತಿಸಿದರೆ ಜನಕ್ಕೆ ಅನುಮಾನ ಬಾರದೇ?

ಕೂಡಿಟ್ಟರೆ ಲಾಭವುಂಟೇ ಎಂದರೆ, ಬಹುತೇಕ ಇಲ್ಲ. ಲಕ್ಷ, ಕೋಟಿ ಲೆಕ್ಕದಲ್ಲಿ ಟಂಕಿಸಿದ್ದು ಅಪರೂಪವಾಗುವುದು ಹೇಗೆ? ಕೆಲವಕ್ಕಂತೂ ಮುಖಬೆಲೆಯೂ ಉಳಿದಿಲ್ಲ. 2011ರ ಜೂನ್ 30ರ ನಂತರ 25 ಪೈಸೆ ಮತ್ತು ಅದಕ್ಕಿಂತ ಕೆಳಗಿನವು ದುಡ್ಡೇ ಅಲ್ಲ. ಹಾಗಾಗಿ 1982ರ ಏಷ್ಯನ್ ಗೇಮ್ಸ್ 25 ಪೈಸೆ ಸತ್ತಿದೆ, ಅದಕ್ಕಿಂತ ಹಳೆಯ ನೆಹರೂ 50 ಪೈಸೆ ಕಾನೂನಿನ ಪ್ರಕಾರ ಬದುಕಿದೆ, ಯಾರೂ ತೆಗೆದುಕೊಳ್ಳದಿದ್ದರೂ. ಲಾಭವಿಲ್ಲದಿದ್ದರೂ ಸಣ್ಣ ಸಣ್ಣ ಭೇದ ಹುಡುಕುವುದರಲ್ಲಿ ಮಜವಿದೆ. 2005ರ ದಂಡಿ ಯಾತ್ರೆಯ ಐದು ರೂಪಾಯಿ ತಾಮ್ರ-ನಿಕ್ಕಲ್‌ನಲ್ಲೂ ಇದೆ, ಉಕ್ಕಿನಲ್ಲೂ ಇದೆ. ಅಯಸ್ಕಾಂತಕ್ಕೆ ಅಂಟಿದರೆ ಉಕ್ಕು. ಯಾವ ಟಂಕಸಾಲೆಯದೆಂದೂ ಗುರುತು ಹಿಡಿಯಬಹುದು: ಇಸವಿಯ ಕೆಳಗೆ ನಕ್ಷತ್ರವಿದ್ದರೆ ಹೈದರಾಬಾದ್, ವಜ್ರಾಕಾರವಿದ್ದರೆ ಮುಂಬೈ, ಗುಂಡು ಚುಕ್ಕೆಯಿದ್ದರೆ ನೋಯ್ಡಾ, ಏನೂ ಇಲ್ಲದಿದ್ದರೆ ಕೋಲ್ಕತ್ತ.

ಈಚೆಗೆ 75, 100, 125 ರೂಪಾಯಿ ಅಂತ ಟಂಕಸಾಲೆಯವರು ಪೆಟ್ಟಿಗೆಯಲ್ಲಿಟ್ಟು, ಮುಖಬೆಲೆಗಿಂತ ಎಷ್ಟೋ ಹೆಚ್ಚಿಗೆ ಮಾರುತ್ತಾರಲ್ಲ, ಅವುಗಳ ಮೇಲೆ ನನಗೆ ಮನಸ್ಸಿಲ್ಲ. ಅವುಗಳಿಂದ ಯಾರೂ ಕಡಲೆಕಾಯಿ ಕೊಂಡಿಲ್ಲ. ಹೊಸದಾಗಿ ಶುರುಮಾಡುವ ಹುಡುಗರಿಗೆ ನಾನು ಹೇಳುವುದಿಷ್ಟು: ಫೋನ್‌ಪೇ ಬಂದ ಮೇಲೆ ಚಿಲ್ಲರೆ ಕಾಣುವುದು ಕಿರಾಣಿ ಅಂಗಡಿಯಲ್ಲಿ, ಗುಡಿಯ ಹುಂಡಿಯಲ್ಲಿ. ಪರಿಚಯ ಮಾಡಿಕೊಂಡು, ನೋಟು ಕೊಟ್ಟು ಚಿಲ್ಲರೆ ತಂದು ಹುಡುಕಿ. ಸಿಕ್ಕಿದ್ದನ್ನು ಹುಣಸೆಹಣ್ಣು, ಬೂದಿ ಹಾಕಿ ಮಾತ್ರ ತಿಕ್ಕಬೇಡಿ.